ಪ್ರಭಾರ ಜನ್ಮ ಸಿದ್ಧಾಂತ: ಸಮರಗಳ ಬುಧ-ಶನಿ ಮೀಮಾಂಸೆ

ತೋಪು, ಕುದುರೆ, ಮದ್ದುಗುಂಡು, ಪಗಾರ ಸಿಗದ ಸಿಪಾಯಿಗಳು ಮುಂತಾದ ಕ್ಷುಲ್ಲಕ ಕಾರಣಗಳಿಂದ ಯುದ್ಧಗಳ ಸೋಲು-ಗೆಲುವು ನಿರ್ಧಾರವಾಗುತ್ತದೆ ಎಂಬ ಭ್ರಮೆ ಇತಿಹಾಸಕಾರರಲ್ಲಿ ಇನ್ನೂ ಉಳಿದಿದೆ. ಅರಭಾವಿಯ ನಮ್ಮ ಪಡಸಾಲೆಯಲ್ಲಿ ಒಂದು ಪಂಚಾಂಗ, ಮಗಳ ಹಳೆಯ ಸಮಾಜ ವಿಜ್ಞಾನ ಪುಸ್ತಕ ಮತ್ತು ಕಾಲು ಕಿಲೋ ಗೋಕಾಕ ಕರದಂಟು ಇಟ್ಟುಕೊಂಡು ಕೂತು ಈ ಭ್ರಮೆಯನ್ನು ನಿವಾರಿಸಿದ್ದೇನೆ. ಕರದಂಟು ಮುಗಿಯುವ ಮೊದಲೇ ಸಿದ್ಧಾಂತ ಮುಗಿಯಿತು.

ರಕ್ಕಸ-ತಂಗಡಗಿ, 23 ಜನವರಿ 1565. ಪ್ಲಾಸಿ, 23 ಜೂನ್ 1757. ಕಿತ್ತೂರು, 23 ಅಕ್ಟೋಬರ್ 1824. ಈಜಿಪ್ಟಿನ ಎಲ್ ಅಲಮೇನ್ ಶುರುವಾದದ್ದು 23 ಅಕ್ಟೋಬರ್ 1942. ಎರಡು ಮತ್ತು ಮೂರು ಕೂಡಿದರೆ ಐದು, ಐದರ ಅಧಿಪತಿ ಬುಧ. 1761ರ ಪಾಣಿಪತ್ ಸಂಕ್ರಾಂತಿಯ ಹೊತ್ತಿಗೆ, ಜನವರಿ 14ರಂದು ನಡೆಯಿತು. ಅದನ್ನು ಕೂಡಿಸಿದರೂ ಐದೇ. ವಾಟರ್‌ಲೂ ಮಾತ್ರ 18ನೇ ತಾರೀಖು ನಡೆದು ಒಂಬತ್ತು ಬರುವುದರಿಂದ ಅದನ್ನು ಈ ಪ್ರಬಂಧದಲ್ಲಿ ಯುದ್ಧವೆಂದು ಪರಿಗಣಿಸಿಲ್ಲ.

ಬುಧ ವ್ಯಾಪಾರಿಗಳ ಗ್ರಹ. ಪ್ಲಾಸಿಯಲ್ಲಿ ಈಸ್ಟ್ ಇಂಡಿಯಾ ಕಂಪನಿ ಗೆದ್ದದ್ದು ಸಹಜ. ಹಾಗಾದರೆ ಅದೇ 23ರಂದು ಅದೇ ಕಂಪನಿ ಕಿತ್ತೂರಿನಲ್ಲಿ ಸೋತದ್ದೇಕೆ? ಇಲ್ಲಿ ವಿದ್ವಾಂಸರು ತಬ್ಬಿಬ್ಬಾಗುತ್ತಾರೆ. ನಾನು ಆಗಲಿಲ್ಲ. ರಾಣಿ ಚೆನ್ನಮ್ಮನ ಕಿತ್ತೂರು ಅರಮನೆಯ ದತ್ತುಪುತ್ರನನ್ನು ಒಪ್ಪದೆ, ಕಲೆಕ್ಟರ್ ಥ್ಯಾಕರೆ ಬಂದದ್ದು ಖಜಾನೆಗೆ ಮೊಹರು ಹಾಕಲು. ಅದು ವ್ಯಾಪಾರವಲ್ಲ, ಜಪ್ತಿ. ಜಪ್ತಿಯ ಅಧಿಪತಿ ಶನಿ, ಮತ್ತು ಅಂದು ಶನಿವಾರ! ಪಂಚಾಂಗ ಮಡಚಿಟ್ಟು ಎದ್ದು ಒಂದು ಲೋಟ ನೀರು ಕುಡಿದೆ. ಕಿತ್ತೂರಿನವರ ಗುಂಡಿನ ಗುರಿಗೂ ಇದರಲ್ಲಿ ಸ್ವಲ್ಪ ಪಾಲಿತ್ತೆಂದು ಕೆಲವರು ವಾದಿಸಬಹುದು.

ಇನ್ನು ಸಂಗೊಳ್ಳಿ ರಾಯಣ್ಣ. ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದ್ದು 26 ಜನವರಿ 1831. ಎರಡು ಮತ್ತು ಆರು ಎಂಟು, ಅಂದರೆ ಶನಿ. ವಾರ ನೋಡಿದರೆ ಬುಧ. ಕಿತ್ತೂರಿನಲ್ಲಿ ತಾರೀಖು ಬುಧನದು, ವಾರ ಶನಿಯದು. ನಂದಗಡದಲ್ಲಿ ತಾರೀಖು ಶನಿಯದು, ವಾರ ಬುಧನದು. ಮನೆ ಅದಲುಬದಲು ಮಾಡಿಕೊಂಡ ಈ ಗ್ರಹಗಳದು ಸಾಕ್ಷಾತ್ ಪರಿವರ್ತನ ಯೋಗ.

ರಾಯಣ್ಣ ಹುಟ್ಟಿದ್ದು 15 ಆಗಸ್ಟ್ 1798 ಎಂದು ರೂಢಿ. ಹುಟ್ಟಿದ್ದು ಸ್ವಾತಂತ್ರ್ಯ ದಿನ, ಹುತಾತ್ಮನಾದದ್ದು ಗಣರಾಜ್ಯ ದಿನ ಎಂದು ಹೇಳದೆ ನಮ್ಮ ಕಡೆ ಧ್ವಜವಂದನೆಯ ಭಾಷಣ ಮುಗಿಯುವುದಿಲ್ಲ. ಆದರೆ ನೆಪೋಲಿಯನ್ ಹುಟ್ಟಿದ್ದೂ ಆಗಸ್ಟ್ 15ರಂದೇ, 1769ರಲ್ಲಿ. ಇಬ್ಬರಿಗೂ ವೈರಿ ಇಂಗ್ಲಿಷರೇ. ಆತ್ಮ ಒಂದೇ ಎಂಬುದಕ್ಕೆ ಇನ್ನೇನು ಬೇಕು? ಒಂದೇ ಒಂದು ತೊಡಕು: ನೆಪೋಲಿಯನ್ ಸತ್ತದ್ದು 1821ರಲ್ಲಿ, ಆಗ ರಾಯಣ್ಣ ಬೆಳೆದ ಗಂಡಸು. ಒಬ್ಬ ಪಿಡಿಒ ಎರಡು ಪಂಚಾಯತಿ ನೋಡಿಕೊಳ್ಳುವ ನಾಡಿನಲ್ಲಿ ಒಂದು ಆತ್ಮ ಎರಡು ದೇಹ ನೋಡಿಕೊಂಡರೆ ಯಾರು ಬೇಡವೆನ್ನುತ್ತಾರೆ? ಇದನ್ನೇ ನಾನು ಪ್ರಭಾರ ಜನ್ಮವೆಂದು ಕರೆದಿದ್ದೇನೆ. ಪ್ರಭಾರದ ಅವಧಿ 1821ರಿಂದ 1798 ಕಳೆದರೆ 23 ವರ್ಷ. ತಿಂಗಳುಗಳನ್ನು ಹಿಡಿದರೆ ಲೆಕ್ಕ ಕೆಡುತ್ತದೆ, ಹಿಡಿದಿಲ್ಲ.

ನಂದಗಡದಲ್ಲಿ ರಾಯಣ್ಣನ ಸಮಾಧಿಯ ಆಲದ ಮರಕ್ಕೆ ಅಂಥ ಮಗ ಹುಟ್ಟಲೆಂದು ಜನ ಇಂದಿಗೂ ತೊಟ್ಟಿಲು ಕಟ್ಟುತ್ತಾರೆ. ಹಾಗೆ ಕಟ್ಟಿದವರು ಯಾರೂ ನೆಪೋಲಿಯನ್ನನ ಹೆಸರೆತ್ತಿದ್ದು ನಾನು ಕೇಳಿಲ್ಲ. ಅದು ಭೂಗೋಳ ಜ್ಞಾನದ ಕೊರತೆ. ಅಮೆರಿಕದ ಜನರಲ್ ಪ್ಯಾಟನ್ ಹಿಂದಿನ ಜನ್ಮಗಳಲ್ಲೂ ತಾನು ಯೋಧನಾಗಿದ್ದೆ, ಕಾರ್ಥೇಜಿನಲ್ಲಿ ಕಾದಿದ್ದೆ ಎಂದು ನಂಬಿದ್ದ. ಅವನನ್ನು ಯಾರೂ ಪಡಸಾಲೆಯಿಂದ ಎಬ್ಬಿಸಿ ದನಕ್ಕೆ ನೀರು ಕುಡಿಸಲು ಕಳಿಸಲಿಲ್ಲ.

ಸಿದ್ಧಾಂತವನ್ನು ಸಮಕಾಲೀನ ಸಮರಕ್ಕೂ ಒಡ್ಡಬೇಕಷ್ಟೆ. 2025ರ ನವೆಂಬರಿನಲ್ಲಿ ನಮ್ಮ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ರಸ್ತೆಯ ಮೇಲೆ ಕೂತು ಟನ್ನಿಗೆ 3,500 ರೂಪಾಯಿ ಕೇಳಿದರು. ಕೂಡಿಸಿದರೆ ಎಂಟು, ಶನಿ. ಇತ್ಯರ್ಥವಾದದ್ದು 3,300ಕ್ಕೆ. ಕೂಡಿಸಿದರೆ ಆರು, ಶುಕ್ರ. ಶನಿಯನ್ನು ಕೇಳಿದರು, ಸುಖದ ಗ್ರಹ ಶುಕ್ರ ಸಿಕ್ಕ. ಟನ್ನಿಗೆ 200 ರೂಪಾಯಿ ಎರಡು ಗ್ರಹಗಳ ನಡುವೆ ಎಲ್ಲೋ ಉಳಿಯಿತು.

ಇದನ್ನೆಲ್ಲ ಮೊದಲು ಕೇಳಿಸಿಕೊಂಡದ್ದು ಪಡಸಾಲೆಯ ಮೂಲೆಯಲ್ಲಿ ಶೇಂಗಾ ಸುಲಿಯುತ್ತಿದ್ದ ನಮ್ಮ ಚಿಗವ್ವ. ಸಿಪ್ಪೆ ಕೊಡವಿ ಕೇಳಿದಳು: "ಎಲ್ಲಾರೂ ರಾಜಾ, ಸೇನಾಪತಿ ಆಗೇ ಹುಟ್ಟಿ ಬರ್ತಾರಂತಿ. ಕುದರಿಗೆ ಮೇವ ಹಾಕಿದವ್ರು, ದಂಡಿಗೆ ರೊಟ್ಟಿ ಬಡದವ್ರು ಎಲ್ಲಿ ಹೋದ್ರೋ ತಮ್ಮಾ? ಅವ್ರು ಸಿಕ್ರ ಇತ್ತ ಕಳಸು. ಕಬ್ಬ ಕಡಿಯಾಕ ಗ್ಯಾಂಗ್ ಸಿಗವಲ್ದು."

ಆಕ್ಷೇಪ ಗಂಭೀರವಾದದ್ದು. ತಕ್ಷಣ ಗೋಡೆಯ ಕ್ಯಾಲೆಂಡರ್ ನೋಡಿದೆ. ತಾರೀಖು 24. ಆದರೆ ವಿಚಾರಿಸಿದಾಗ, ಈ ಮಾತು ಕೇಳಬೇಕೆಂದು ಅವಳಿಗೆ ಅನಿಸಿದ್ದು ನಿನ್ನೆಯೇ ಅಂತೆ.