ನಾದ ಕೆಡಿಸುವ ಶಾಸ್ತ್ರ

ಎಲೆಕ್ಟ್ರಿಕ್ ಗಿಟಾರಿನ ಎಫೆಕ್ಟ್ ಎಂದರೆ, ತಂತಿಯಿಂದ ಸರಿಯಾಗಿಯೇ ಹೊರಟ ನಾದವನ್ನು ಅದು ಸ್ಪೀಕರ್ ತಲುಪುವಷ್ಟರಲ್ಲಿ ಬೇಕೆಂದೇ ಕೆಡಿಸುವ ಏರ್ಪಾಡು. ಒಡೆಯುವುದು, ಅದುರಿಸುವುದು, ತಡಮಾಡಿಸುವುದು, ಇಲ್ಲದ ಹಜಾರದೊಳಗೆ ಕೂರಿಸಿ ಮೊಳಗಿಸುವುದು ಎಲ್ಲವೂ ಇದರಲ್ಲಿ ಸೇರುತ್ತವೆ. ಈ ಕೆಲಸವನ್ನು ವಾದಕನ ಕಾಲಡಿಯ ಪುಟ್ಟ ತಗಡಿನ ಪೆಟ್ಟಿಗೆಗಳು ಹಿಂದಿನಿಂದಲೂ ಮಾಡುತ್ತ ಬಂದಿವೆ. ಪೆಡಲ್ ಎಂಬ ಈ ಪೆಟ್ಟಿಗೆಗಳು ಅಂಗಡಿಯಲ್ಲಿ ನೂರಾರು ಬಗೆಯವು ಸಿಗುತ್ತವೆ. ಅಷ್ಟಿದ್ದೂ ತನಗೆ ಬೇಕಾದದ್ದೊಂದು ಮಾತ್ರ ಅಲ್ಲಿಲ್ಲ ಎಂದು ಪ್ರತಿಯೊಬ್ಬ ವಾದಕನಿಗೂ ಒಂದಲ್ಲ ಒಂದು ದಿನ ಅನ್ನಿಸುತ್ತದೆ. ಅವನಿಗೆ ಪ್ರೋಗ್ರಾಮಿಂಗ್ ಕೂಡ ಬರುತ್ತಿದ್ದರೆ ಅದನ್ನು ಕಂಪ್ಯೂಟರಿನಲ್ಲಿ ತಾನೇ ಬರೆಯಲು ಕೂರುತ್ತಾನೆ, ಮನೆಯವರು ಅವನನ್ನು ಕೆಲವು ತಿಂಗಳ ಮಟ್ಟಿಗೆ ಮರೆಯಬೇಕಾಗುತ್ತದೆ. ಬೆಂಗಳೂರಿನಂಥ ಊರಿನಲ್ಲಿ ಈ ಎರಡೂ ವಿದ್ಯೆಗಳು ಒಬ್ಬನಲ್ಲೇ ಕೂಡಿಬರುವುದು ಅಪರೂಪವೇನಲ್ಲ.

ಕೆಡಿಸುವ ಪರಂಪರೆಗೆ ಘನವಾದ ಇತಿಹಾಸವಿದೆ. ಅಮೆರಿಕದ ಲಿಂಕ್ ರೇ 1958ರ ‘ರಂಬಲ್’ ಎಂಬ ವಾದ್ಯಕೃತಿಯ ಗೊಗ್ಗರು ದನಿಗಾಗಿ ಆಂಪಿನ, ಅಂದರೆ ಧ್ವನಿವರ್ಧಕದ, ಸ್ಪೀಕರುಗಳಿಗೆ ಪೆನ್ಸಿಲಿನಿಂದ ತೂತು ಹೊಡೆದ. ಇಂಗ್ಲೆಂಡಿನ ಕಿಂಕ್ಸ್ ತಂಡದ ಡೇವ್ ಡೇವೀಸ್ 1964ರಲ್ಲಿ ಬ್ಲೇಡಿನಿಂದಲೇ ಸ್ಪೀಕರನ್ನು ಸೀಳಿದ. ನ್ಯಾಶ್‌ವಿಲ್‌ನಲ್ಲಿ ಇಷ್ಟು ಶ್ರಮವೂ ಬೇಕಾಗಲಿಲ್ಲ. ಮಾರ್ಟಿ ರಾಬಿನ್ಸ್ ಹಾಡಿದ, 1961ರಲ್ಲಿ ಹೊರಬಂದ ಒಂದು ಸೌಮ್ಯವಾದ ಹಾಡಿನ ಧ್ವನಿಮುದ್ರಣದಲ್ಲಿ ಗ್ರೇಡಿ ಮಾರ್ಟಿನ್ ನುಡಿಸುತ್ತಿದ್ದ ಬಾಸ್ ಗಿಟಾರಿನ ಚಾನೆಲ್ಲು ಮಿಕ್ಸರಿನಲ್ಲಿ ತಾನಾಗಿಯೇ ಕೆಟ್ಟಿತು. ಹಾಡಿನ ನಡುವೆ ಜೀರುಂಡೆ ಹೊಕ್ಕಂಥ ಸದ್ದು ಬಂತು. ಅದನ್ನು ಅಳಿಸದೆ ಹಾಗೇ ಬಿಟ್ಟರು, ಹಾಡು ಗೆದ್ದಿತು. ಎಂಜಿನಿಯರ್ ಗ್ಲೆನ್ ಸ್ನಾಡಿ ಆ ಕೇಡನ್ನು ಅಧ್ಯಯನ ಮಾಡಿ ಟ್ರಾನ್ಸಿಸ್ಟರುಗಳಲ್ಲಿ ಮರುಸೃಷ್ಟಿಸಿದ. 1962ರಲ್ಲಿ ಗಿಬ್ಸನ್ ಕಂಪನಿ ಅದನ್ನು ಮೆಸ್ಟ್ರೊ ಫಜ್‌ಟೋನ್ ಎಂದು ಮಾರುಕಟ್ಟೆಗೆ ತಂದಿತು. ಗಿಟಾರಿನಿಂದ ತುತ್ತೂರಿ, ಟ್ಯೂಬಾಗಳ ನಾದ ತೆಗೆಯಬಹುದೆಂಬುದು ಅದರ ಜಾಹೀರಾತು. ಗಿಟಾರ್ ಕೊಂಡವರಿಗೆ ಟ್ಯೂಬಾ ಯಾಕೆ ಬೇಕೆಂದು ಯಾರಿಗೂ ತಿಳಿಯದೆ ಪೆಟ್ಟಿಗೆಗಳು ಅಂಗಡಿಯಲ್ಲೇ ಕೂತವು. 1965ರಲ್ಲಿ ರೋಲಿಂಗ್ ಸ್ಟೋನ್ಸ್‌ನ ಕೀತ್ ರಿಚರ್ಡ್ಸ್, ಮುಂದೆ ತುತ್ತೂರಿಯವರು ನುಡಿಸಬೇಕಾದ ಸಾಲನ್ನು ತಾತ್ಕಾಲಿಕವಾಗಿ ಈ ಪೆಡಲಿನಲ್ಲಿ ನುಡಿಸಿಟ್ಟ. ತುತ್ತೂರಿಯವರು ಬರಲೇ ಇಲ್ಲ, ‘ಸ್ಯಾಟಿಸ್‌ಫ್ಯಾಕ್ಷನ್’ ಹಾಡು ಹಾಗೆಯೇ ಬಿಡುಗಡೆಯಾಯಿತು. ಆಮೇಲೆ ಪೆಟ್ಟಿಗೆಗಳು ಅಂಗಡಿಯಲ್ಲಿ ಉಳಿಯಲಿಲ್ಲ.

ಈ ಹಿರಿಯರ ಕಾಲದಲ್ಲಿ ಉಪಕರಣಗಳು ಒಳ್ಳೆಯ ರೀತಿಯಲ್ಲಿ ಕೆಡುತ್ತಿದ್ದವು. ಸಾಫ್ಟ್‌ವೇರಿಗೆ ಆ ಗುಣವಿಲ್ಲ. ಅದರಲ್ಲಿ ಬೇಕಾದ ಕೇಡು ಶ್ರಮಪಟ್ಟರೆ ಮಾತ್ರ ಬರುತ್ತದೆ, ಬೇಡದ ಕೇಡು ಕರೆಯದೆಯೇ ಬರುತ್ತದೆ.

ಮೊದಲನೆಯ ಬೇಡದ ಕೇಡು ವೈರಿನಲ್ಲೇ ಕಾದಿರುತ್ತದೆ. ಗಿಟಾರಿನ ಪಿಕಪ್ ಎಂದರೆ ಅಯಸ್ಕಾಂತದ ಸುತ್ತ ಸಪೂರ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಸುರುಳಿ. ಅದರಿಂದ ಹೊರಡುವ ವಿದ್ಯುತ್ತು ತೀರ ದುರ್ಬಲ. ಕಂಪ್ಯೂಟರಿಗೆ ಜೋಡಿಸುವ ಆಡಿಯೊ ಇಂಟರ್‌ಫೇಸ್ ಎಂಬ ಪೆಟ್ಟಿಗೆಯಲ್ಲಿ ಗಿಟಾರಿಗೆಂದೇ ಇಟ್ಟ, ಹತ್ತು ಲಕ್ಷ ಓಮ್‌ನಷ್ಟು ರೋಧವಿರುವ ಕಿಂಡಿಗೆ ಗಿಟಾರಿನ ವೈರನ್ನು ಚುಚ್ಚಬೇಕು. ಪಕ್ಕದಲ್ಲೇ, ನೋಡಲು ಹಾಗೇ ಇರುವ, ಕೀಬೋರ್ಡಿಗೆಂದು ಇಟ್ಟ ಹತ್ತು ಸಾವಿರ ಓಮಿನ ಕಿಂಡಿಗೆ ಚುಚ್ಚಿದರೆ ಮೇಲಿನ ಕಂಪನಗಳು ಸೋರಿಹೋಗಿ ನಾದ ಮಂಕಾಗುತ್ತದೆ. ಹೀಗಾದಾಗ ಎರಡು ದಿನ ಕೋಡಿನಲ್ಲಿ ತಪ್ಪು ಹುಡುಕುವುದು ವಾಡಿಕೆ. ಕಿಂಡಿ ಸರಿಯಿದ್ದರೆ ಇಂಟರ್‌ಫೇಸು ಸೆಕೆಂಡಿಗೆ 48,000 ಸಲ ವಿದ್ಯುತ್ತನ್ನು ಅಳೆದು, ಮೈನಸ್ ಒಂದರಿಂದ ಒಂದರವರೆಗಿನ ಅಂಕಿಗಳಾಗಿ ಕಂಪ್ಯೂಟರಿಗೆ ಒಪ್ಪಿಸುತ್ತದೆ. ಪ್ರತಿ ಅಂಕಿಗೆ ಸ್ಯಾಂಪಲ್ ಎಂದು ಹೆಸರು. ಗಿಟಾರಿನ ಪಾತ್ರ ಅಲ್ಲಿಗೆ ಮುಗಿಯಿತು.

ಡಿಸ್ಟಾರ್ಷನ್, ಅಂದರೆ ನಾದ ಒಡೆಯುವ ಎಫೆಕ್ಟ್, ಬರೆಯುವುದು ಹೇಳಿಕೊಳ್ಳಲು ಒಂದೇ ಸಾಲಿನ ಕೆಲಸ. ಬಂದ ಅಂಕಿಯನ್ನು ಐವತ್ತರಿಂದ ಗುಣಿಸಿ, ಒಂದನ್ನು ಮೀರಿದ್ದನ್ನೆಲ್ಲ ಒಂದಕ್ಕೇ, ಮೈನಸ್ ಒಂದರ ಕೆಳಗಿಳಿದದ್ದನ್ನೆಲ್ಲ ಮೈನಸ್ ಒಂದಕ್ಕೇ ಕತ್ತರಿಸಿದರೆ ಅಲೆಯ ತಲೆ ಚಪ್ಪಟೆಯಾಗಿ, ಮೂಲ ಸ್ವರದ ಜೊತೆಗೆ ಅದರ ಮೂರು, ಐದು, ಏಳರಷ್ಟು ಕಂಪನದ ಮೇಲ್ಸ್ವರಗಳು ಹುಟ್ಟುತ್ತವೆ. ಕತ್ತರಿಯ ಬದಲು ಟ್ಯಾನ್‌ಎಚ್ ಎಂಬ ಗಣಿತದ ವಕ್ರರೇಖೆಯನ್ನು ಬಳಸಿದರೆ ಮೂಲೆಗಳು ದುಂಡಗಾಗಿ, ಹಳೆಯ ವಾಲ್ವ್ ಆಂಪಿನ ದನಿಗೆ ಹತ್ತಿರ ಬರುತ್ತದೆ. ಮಂದ್ರದ ತಂತಿಯನ್ನು ಮೀಟಿ, ಆಹಾ ಎಂದು, ಮೊದಲ ಸಂಜೆ ಪ್ರೋಗ್ರಾಮರ್ ನೆಮ್ಮದಿಯಿಂದ ಮಲಗುತ್ತಾನೆ. ಎರಡನೆಯ ಸಂಜೆ ಮೇಲಿನ ತಂತಿಯನ್ನು ಮೀಟಿದಾಗ ನಾದದೊಳಗಿನಿಂದ ಯಾರೋ ಅಪಸ್ವರದಲ್ಲಿ ಸಿಳ್ಳೆ ಹಾಕುವುದು ಕೇಳಿಸುತ್ತದೆ.

ಸೆಕೆಂಡಿಗೆ 48,000 ಸಲ ಅಳೆಯುವ ವ್ಯವಸ್ಥೆ 24,000 ಹರ್ಟ್ಸ್‌ವರೆಗಿನ ಕಂಪನಗಳನ್ನು ಮಾತ್ರ ಬಲ್ಲದು. ಕತ್ತರಿಸುವಾಗ ಹುಟ್ಟಿದ ಮೇಲ್ಸ್ವರಗಳಿಗೆ ಈ ಗಡಿಯ ಪರಿವೆಯಿಲ್ಲ. ಗಡಿ ದಾಟಿದವು ಅಳಿದುಹೋಗದೆ ಮಡಚಿಕೊಂಡು ಹಿಂದಿರುಗುತ್ತವೆ. 35,000 ಹರ್ಟ್ಸಿನದು 13,000 ಹರ್ಟ್ಸಿನ ವೇಷ ತೊಟ್ಟು ಬಂದು ಕೂರುತ್ತದೆ. ಏಲಿಯಾಸಿಂಗ್ ಎಂಬ ಈ ಪೀಡೆಯ ವಿಶೇಷವೆಂದರೆ, ವಾದಕ ತಂತಿಯನ್ನು ಎಳೆದು ಸ್ವರವನ್ನು ಏರಿಸಿದಂತೆ ಅದು ಇಳಿಯುತ್ತದೆ. ಒಂದೇ ತಂತಿಯಲ್ಲಿ ಆರೋಹಣ ಅವರೋಹಣ ಎರಡೂ ಒಟ್ಟಿಗೆ ನಡೆಯುವುದು ಸಂಗೀತದಲ್ಲಿ ಹೊಸದೇ ಇರಬಹುದು, ಕೇಳಲು ಮಾತ್ರ ಆಗುವುದಿಲ್ಲ. ಹಳೆಯ ಪೆಡಲಿನ ಎರಡು ಮೂರು ಟ್ರಾನ್ಸಿಸ್ಟರುಗಳಿಗೆ ಈ ರೋಗ ತಗಲುವುದೇ ಇಲ್ಲ. ಸಾಫ್ಟ್‌ವೇರಿನಲ್ಲಿ ಇದಕ್ಕೆ ಮದ್ದು ಓವರ್‌ಸ್ಯಾಂಪ್ಲಿಂಗ್. ಅಂಕಿಗಳನ್ನು ನಾಲ್ಕು ಅಥವಾ ಎಂಟು ಪಟ್ಟು ದಟ್ಟಗೊಳಿಸಿ, ಆ ವಿಶಾಲ ಜಾಗದಲ್ಲಿ ಕತ್ತರಿಸಿ, ಹೆಚ್ಚಿನ ಕಂಪನಗಳನ್ನು ಸೋಸಿ, ಮತ್ತೆ ಮೊದಲಿನ ಅಳತೆಗೆ ತರಬೇಕು. ಹೀಗೆ ನಾದ ಕೆಡಿಸಲು ಒಂದು ಸಾಲು, ಕೆಟ್ಟದ್ದು ಇನ್ನಷ್ಟು ಕೆಡದಂತೆ ಕಾಯಲು ನೂರಾರು ಸಾಲು. ಈಚೆಗೆ ಈ ತಾಪತ್ರಯವೇ ಬೇಡವೆಂದು, ನಿಜವಾದ ಆಂಪಿಗೆ ಕೆಲವು ನಿಮಿಷ ಧ್ವನಿ ಉಣಿಸಿ, ಅದು ಹೇಗೆ ಕೆಡಿಸುತ್ತದೆಂಬುದನ್ನು ನ್ಯೂರಲ್ ನೆಟ್‌ವರ್ಕಿಗೆ ಕಲಿಸುವವರೂ ಇದ್ದಾರೆ. ಯಂತ್ರಕ್ಕೆ ಒಳ್ಳೆಯದನ್ನು ಕಲಿಸಬೇಕೆನ್ನುವವರು ಇದನ್ನು ಗಮನಿಸಿದಂತಿಲ್ಲ.

ಡಿಲೇ, ಅಂದರೆ ಪ್ರತಿಧ್ವನಿ, ಇದಕ್ಕಿಂತ ಸಾಧು. ಒಂದು ಸೆಕೆಂಡಿನ ಡಿಲೇಗೆ 48,000 ಅಂಕಿಗಳ ಒಂದು ವರ್ತುಲ ಸಾಕು. ಬಂದದ್ದನ್ನು ಬರೆಯುತ್ತ, ಹಳೆಯದನ್ನು ಓದುತ್ತ, ಓದಿದ್ದರಲ್ಲಿ ಅರ್ಧದಷ್ಟನ್ನು ಮತ್ತೆ ಒಳಗೆ ಸುರಿಯುತ್ತ ಹೋದರೆ ಪ್ರತಿಧ್ವನಿ ಪ್ರತಿ ಸುತ್ತಿಗೆ ಅರ್ಧವಾಗುತ್ತ ಕರಗುತ್ತದೆ. ಅರ್ಧದ ಬದಲು ಒಂದು ಎಂದು ಬರೆದರೆ ಅದು ಎಂದೂ ಮುಗಿಯುವುದಿಲ್ಲ. ಒಂದನ್ನು ಕೂದಲೆಳೆಯಷ್ಟು ಮೀರಿದರೂ ಪ್ರತಿ ಸುತ್ತಿಗೆ ಬೆಳೆದು, ಸಭಿಕರು ಕಿವಿ ಮುಚ್ಚಿಕೊಳ್ಳುವವರೆಗೆ ನಿಲ್ಲುವುದಿಲ್ಲ. ಹಿಂದೆ ಈ ಕೆಲಸ ಟೇಪಿನ ಯಂತ್ರಗಳದು. ಟೇಪಿನ ವೇಗ ಓಲಾಡಿ ಶ್ರುತಿ ಅಲ್ಲಾಡದಿರಲಿ ಎಂದು ಅದರ ಎಂಜಿನಿಯರುಗಳು ತಮ್ಮ ಆಯುಷ್ಯವನ್ನೇ ಸವೆಸಿದರು. ಶ್ರುತಿ ಅಲ್ಲಾಡಲಾರದ ಕಂಪ್ಯೂಟರಿನಲ್ಲಿ ಅದೇ ಓಲಾಟವನ್ನು ಹುಟ್ಟಿಸಲು ಈಗಿನವರು ತಮ್ಮದನ್ನು ಸವೆಸುತ್ತಿದ್ದಾರೆ.

ಮೊಳಗು, ಅಂದರೆ ರಿವರ್ಬ್, ಮೊದಲು ಭಾರದ ವಿಷಯವಾಗಿತ್ತು. 1957ರಲ್ಲಿ ಬಂದ ಜರ್ಮನಿಯ ಇಎಂಟಿ 140 ಎಂಬ ಯಂತ್ರದಲ್ಲಿ ದೊಡ್ಡ ಉಕ್ಕಿನ ಹಾಳೆಯೊಂದು ಪೆಟ್ಟಿಗೆಯೊಳಗೆ ತೂಗುತ್ತಿತ್ತು. ತೂಕ ಕಾಲು ಟನ್ನಿಗೂ ಮೇಲೆ. 1960ರ ದಶಕದ ಮೊದಲಲ್ಲಿ ಬೆಲ್ ಲ್ಯಾಬ್ಸ್‌ನ ಮ್ಯಾನ್‌ಫ್ರೆಡ್ ಶ್ರೋಡರ್ ಕೆಲವೇ ಡಿಲೇಗಳನ್ನು ಹೆಣೆದು ಅಂಕಿಗಳಲ್ಲೇ ಮೊಳಗು ಬರಿಸಬಹುದೆಂದು ತೋರಿಸಿದ. ಇನ್ನೊಂದು ದಾರಿಯೆಂದರೆ ನಿಜವಾದ ಕಟ್ಟಡದಲ್ಲಿ ಬಲೂನು ಒಡೆದು, ಆ ಸದ್ದು ಸಾಯುವವರೆಗೂ ಮುದ್ರಿಸಿಕೊಂಡು, ಗಿಟಾರಿನ ಪ್ರತಿ ಸ್ಯಾಂಪಲನ್ನೂ ಅದರಿಂದ ಗುಣಿಸುವುದು. ವಿಜಯಪುರದ ಗೋಲಗುಮ್ಮಟದ ಒಳವ್ಯಾಸ ಸುಮಾರು 38 ಮೀಟರು. ಸದ್ದು ಒಂದು ಗೋಡೆಯಿಂದ ಎದುರು ಗೋಡೆಗೆ ಹೋಗಿ ಬರಲು ಸೆಕೆಂಡಿನ ಐದನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಬೇಕು. ಅಲ್ಲಿ ಯಾರಾದರೂ ಬಲೂನು ಒಡೆಯಲು ಅನುಮತಿ ಪಡೆದರೆ ಆದಿಲ್‌ಶಾಹಿ ಸುಲ್ತಾನನ ಗೋರಿಯೊಳಗಿನ ಅನುರಣನ ಯಾವ ಹೋಟೆಲಿನ ವೇದಿಕೆಯಲ್ಲಾದರೂ ಸಿಗುತ್ತದೆ. ಆದರೆ ಮೂರು ಸೆಕೆಂಡಿನ ಮೊಳಗಿಗೆ ಪ್ರತಿ ಸ್ಯಾಂಪಲಿಗೂ 1,44,000 ಗುಣಾಕಾರ ಬೇಕು. ಸೆಕೆಂಡಿಗೆ ಅದು 690 ಕೋಟಿಯನ್ನು ದಾಟುತ್ತದೆ. ಗುಣಿಸುವ ಕೆಲಸವನ್ನು ತುಂಡು ತುಂಡಾಗಿ ಹಂಚುವ ಜಾಣ ಗಣಿತವಿರುವುದರಿಂದ ಲ್ಯಾಪ್‌ಟಾಪು ಬದುಕುತ್ತದೆ.

ಇಷ್ಟೆಲ್ಲವೂ ಸ್ಟುಡಿಯೋದಲ್ಲಿ ಸಲ್ಲುವ ಮಾತು. ವೇದಿಕೆಯ ಮೇಲೆ ಕಾಲವೇ ಒಡೆಯ. ಕಂಪ್ಯೂಟರು ಸ್ಯಾಂಪಲುಗಳನ್ನು ಒಂದೊಂದಾಗಿ ಮುಟ್ಟುವುದಿಲ್ಲ, 64 ಅಥವಾ 128ರ ಕಟ್ಟುಗಳಲ್ಲಿ ಪಡೆಯುತ್ತದೆ. ಈ ಕಟ್ಟೇ ಬಫರ್. 64ರ ಬಫರೆಂದರೆ 1.33 ಮಿಲಿಸೆಕೆಂಡು. ಮುಂದಿನ ಕಟ್ಟು ಬರುವುದರೊಳಗೆ ಹಿಂದಿನದರ ಲೆಕ್ಕ ಮುಗಿದಿರಬೇಕು. ಮುಗಿಯದಿದ್ದರೆ ಸ್ಪೀಕರಿನಲ್ಲಿ ಟಪ್ ಎಂದು ಒಂದು ಸಿಡಿತ. ಒಂದು ಗಂಟೆಯ ಕಛೇರಿಯಲ್ಲಿ ಈ ಗಡುವು 27 ಲಕ್ಷ ಸಲ ಬರುತ್ತದೆ. ಹತ್ತು ಸಾವಿರಕ್ಕೆ ಒಂದೇ ಒಂದು ತಪ್ಪಿದರೂ 270 ಸಿಡಿತಗಳು. ಆಫೀಸಿನಲ್ಲಿ ಗಡುವು ಮುಂದೂಡಿಸಿಕೊಳ್ಳುವುದರಲ್ಲಿ ಪಳಗಿದ ಪ್ರೋಗ್ರಾಮರಿಗೆ ಇದು ಹೊಸ ಲೋಕ.

ಆದ್ದರಿಂದ ನಾದದ ಲೆಕ್ಕ ಮಾಡುವ ಕೋಡಿಗೆ ಮಡಿ ಬಹಳ. ಅದು ಹೊಸ ಮೆಮೊರಿ ಕೇಳಬಾರದು, ಫೈಲು ತೆರೆಯಬಾರದು, ಇನ್ನೊಂದು ಕೆಲಸದ ಬೀಗ ತೆರೆಯಲೆಂದು ಕಾಯಬಾರದು. ಮದುವೆಯ ಪಂಕ್ತಿಯಲ್ಲಿ ಸಾರು ಬಡಿಸುತ್ತಿರುವವನು ನಡುವೆ ಉಗ್ರಾಣದ ಬೀಗದ ಕೈ ಹುಡುಕಿಕೊಂಡು ಹೋದರೆ ಏನಾಗುತ್ತದೋ ಇಲ್ಲೂ ಅದೇ ಆಗುತ್ತದೆ. ಬೇಕಾದದ್ದನ್ನೆಲ್ಲ ಮೊದಲೇ ತಂದಿಟ್ಟುಕೊಂಡಿರಬೇಕು.

ಒಳಹೋದ ಸ್ವರ ಹೊರಬರುವ ಒಟ್ಟು ವಿಳಂಬಕ್ಕೆ ಲೇಟೆನ್ಸಿ ಎನ್ನುತ್ತಾರೆ. ಹತ್ತು ಮಿಲಿಸೆಕೆಂಡಿನೊಳಗೆ ಇದ್ದರೆ ಬಹುಪಾಲು ವಾದಕರು ಸಹಿಸುತ್ತಾರೆ. ಗಾಳಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 343 ಮೀಟರು, ಅಂದರೆ ಆಂಪಿನಿಂದ ಮೂರು ಮೀಟರ್ ದೂರ ನಿಂತವನು ಆಗಲೇ ಒಂಬತ್ತು ಮಿಲಿಸೆಕೆಂಡು ತಡವಾಗಿ ಕೇಳುತ್ತಿದ್ದಾನೆ. ಗಾಳಿ ಮಾಡಿದ ತಡವನ್ನು ಅವನು ಹುಟ್ಟಿದಂದಿನಿಂದ ಪ್ರಶ್ನಿಸಿಲ್ಲ. ಅದೇ ಒಂಬತ್ತನ್ನು ಲ್ಯಾಪ್‌ಟಾಪು ಮಾಡಿದರೆ ಕೈ ಕಟ್ಟಿಹಾಕಿದಂತಾಗಿದೆ ಎಂದು ದೂರುತ್ತಾನೆ. ಕೆಲವು ತಡಗಳಿಗೆ ಮಾತ್ರ ಯಾರನ್ನೂ ದೂರುವಂತಿಲ್ಲ. ಗಿಟಾರಿನ ಅತಿ ಮಂದ್ರ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ. ಒಂದು ಕಂಪನಕ್ಕೆ 12 ಮಿಲಿಸೆಕೆಂಡು. ಯಾವ ಸ್ವರವೆಂದು ಗುರುತಿಸಲು ಸಾಮಾನ್ಯ ವಿಧಾನಗಳಿಗೆ ಎರಡು ಕಂಪನವಾದರೂ ಬೇಕು. ಹೀಗಾಗಿ ಜೊತೆಸ್ವರ ಸೇರಿಸುವ ಎಫೆಕ್ಟುಗಳು ಮಂದ್ರದಲ್ಲಿ ಯಾವಾಗಲೂ ಒಂದು ಹೆಜ್ಜೆ ಹಿಂದೆ.

ಎಲ್ಲಕ್ಕಿಂತ ವಿಚಿತ್ರವಾದ ತೊಂದರೆ ಬರುವುದು ಮೌನದಲ್ಲಿ. ಹಾಡು ಮುಗಿದಿದೆ, ಚಪ್ಪಾಳೆಯೂ ಮುಗಿದಿದೆ, ಯಾರೂ ಏನನ್ನೂ ನುಡಿಸುತ್ತಿಲ್ಲ, ಅಷ್ಟರಲ್ಲಿ ಪ್ರೊಸೆಸರು ಏದುಸಿರು ಬಿಡತೊಡಗುತ್ತದೆ. ಕರಗುತ್ತಿರುವ ಮೊಳಗಿನ ಅಂಕಿಗಳು ಸೊನ್ನೆಯನ್ನು ಮುಟ್ಟದೆ ಸಣ್ಣವಾಗುತ್ತಲೇ ಹೋಗಿ, ದಶಮಾಂಶ ಬಿಂದುವಿನ ನಂತರ 37ಕ್ಕೂ ಹೆಚ್ಚು ಸೊನ್ನೆಗಳಿರುವ ಸ್ಥಿತಿಗೆ ಇಳಿಯುತ್ತವೆ. ಡಿನಾರ್ಮಲ್ ಎಂಬ ಈ ಕ್ಷುದ್ರ ಸಂಖ್ಯೆಗಳನ್ನು ಕೂಡಿ ಕಳೆಯಲು ಅನೇಕ ಪ್ರೊಸೆಸರುಗಳಿಗೆ ಮಾಮೂಲಿಗಿಂತ ಹತ್ತಾರು ಪಟ್ಟು ಹೊತ್ತು ಹಿಡಿಯುತ್ತದೆ. ಯಾರಿಗೂ ಕೇಳಿಸದ ಸದ್ದಿಗಾಗಿ ಇಡೀ ಯಂತ್ರ ದುಡಿದು ಸುಸ್ತಾಗುತ್ತದೆ. ಅಂಥವನ್ನು ಸೊನ್ನೆಯೆಂದೇ ಬಗೆ ಎಂದು ಪ್ರೊಸೆಸರಿಗೆ ಅಪ್ಪಣೆ ಕೊಡುವ ಒಂದು ಸಾಲು ಬರೆದರೆ ಕಾಯಿಲೆ ವಾಸಿ. ಆ ಸಾಲು ಗೊತ್ತಾಗುವವರೆಗಿನ ರಾತ್ರಿಗಳ ಮಾತು ಬೇರೆ.

ಬರೆಯಲು ಸಾಧನಗಳಿಗೆ ಕೊರತೆಯಿಲ್ಲ. ಮಿಲ್ಲರ್ ಪಕೆಟ್ 1996ರಲ್ಲಿ ಹೊರತಂದ ಪ್ಯೂರ್ ಡೇಟಾದಲ್ಲಿ ಚೌಕಗಳನ್ನು ಗೆರೆಗಳಿಂದ ಜೋಡಿಸಿದರೆ ಎಫೆಕ್ಟ್ ಸಿದ್ಧ. ಪಕೆಟ್ ಸ್ವತಃ ಗಿಟಾರಿನ ಆರು ತಂತಿಗಳನ್ನೂ ಬೇರೆ ಬೇರೆಯಾಗಿ ಒಳಗೆ ತೆಗೆದುಕೊಂಡು ಕೆಡಿಸುವ ಜೋಡಣೆ ಮಾಡಿಕೊಂಡವರು. ಫ್ರಾನ್ಸಿನ ಲಿಯೋನ್‌ನಲ್ಲಿ ಹುಟ್ಟಿದ ಫೌಸ್ಟ್ ಭಾಷೆ ಗಣಿತದ ಸೂತ್ರದಂತೆ ಬರೆಯುವವರಿಗೆ, ಸಿ ಪ್ಲಸ್ ಪ್ಲಸ್ ಹಠವಾದಿಗಳಿಗೆ. ಲ್ಯಾಪ್‌ಟಾಪಿನ ಭಯವಿದ್ದವರಿಗೆ ಬೇಲಾ, ಡೇಸಿಯಂಥ ಅಂಗೈಯಗಲದ ಬೋರ್ಡುಗಳಿವೆ. ಅವನ್ನು ಒಂದು ತಗಡಿನ ಪೆಟ್ಟಿಗೆಯಲ್ಲಿ ಕೂರಿಸಿ, ಅಂಗಡಿಯಲ್ಲಿ ಕೊಂಡಿದ್ದರೆ ಆಗುತ್ತಿದ್ದ ಖರ್ಚಿನ ಮೂರರಷ್ಟು ಖರ್ಚಿನಲ್ಲಿ ಪೆಡಲ್ ಮಾಡಿಕೊಳ್ಳಬಹುದು.

ವಾದಕನ ಎರಡೂ ಕೈಗಳು ಗಿಟಾರಿನ ಮೇಲಿರುವುದರಿಂದ ಮೌಸ್ ಕೆಲಸಕ್ಕೆ ಬಾರದು. ಎಲ್ಲವೂ ಕಾಲಿನಿಂದಲೇ, ಅದೂ ಬೂಟಿನ ಕಾಲಿನಿಂದ, ಕತ್ತಲಲ್ಲಿ ಆಗಬೇಕು. ಮನೆಯಲ್ಲಿ ಪರದೆಯ ಮೇಲೆ ನಲವತ್ತು ತಿರುಪುಗಳನ್ನಿಟ್ಟು ಬೀಗಿದ ಪ್ರೋಗ್ರಾಮರ್ ಸೌಂಡ್‌ಚೆಕ್ ಹೊತ್ತಿಗೆ ನಾಲ್ಕು ಗುಂಡಿಗಳಿಗೆ ಇಳಿದಿರುತ್ತಾನೆ. ಕಾಲಿನ ಆಜ್ಞೆಯನ್ನು ಒಯ್ಯುವ ಮಿಡಿ ಎಂಬ ಭಾಷೆ 1983ರದು. ಅದರಲ್ಲಿ ತಿರುಪಿನ ಬೆಲೆ ಸಾಮಾನ್ಯವಾಗಿ ಸೊನ್ನೆಯಿಂದ 127ರವರೆಗೆ, ಮೆಟ್ಟಿಲು ಮೆಟ್ಟಿಲಾಗಿ. ಆ ಮೆಟ್ಟಿಲುಗಳನ್ನು ಹಾಗೇ ಬಳಸಿದರೆ ಪೆಡಲ್ ತುಳಿದಾಗ ಜಿಪ್ ಎಳೆದ ಸದ್ದು ಬರುತ್ತದೆ. ಪ್ರತಿ ಬದಲಾವಣೆಯನ್ನೂ ಹತ್ತಿಪ್ಪತ್ತು ಮಿಲಿಸೆಕೆಂಡುಗಳಲ್ಲಿ ನಯವಾಗಿ ಜಾರಿಸಬೇಕು.

ಇನ್ನು ಉಳಿದದ್ದು ವೇದಿಕೆಯ ಕರೆಂಟು. ಭಾರತದಲ್ಲಿ ಅದು 50 ಹರ್ಟ್ಸಿನದು. ಗಣೇಶೋತ್ಸವದ ಪೆಂಡಾಲಿನಲ್ಲಿ ಜನರೇಟರು, ಸೀರಿಯಲ್ ಲೈಟು, ಆಂಪು, ಲ್ಯಾಪ್‌ಟಾಪಿನ ಚಾರ್ಜರು ಎಲ್ಲವೂ ಬೇರೆ ಬೇರೆ ಸಾಕೆಟ್ಟುಗಳಿಂದ ಅರ್ಥಿಂಗ್ ಪಡೆದಾಗ ಅವುಗಳ ನಡುವೆ ಒಂದು ಸುತ್ತು ಏರ್ಪಟ್ಟು, ಯಾರೂ ಕೇಳದ ಶ್ರುತಿಪೆಟ್ಟಿಗೆಯೊಂದು ಗುಂಯ್ ಎನ್ನತೊಡಗುತ್ತದೆ. ಚಾರ್ಜರು ಕಿತ್ತರೆ ಗುಂಯ್ ನಿಲ್ಲುತ್ತದೆ. ಚಾರ್ಜರು ಕಿತ್ತದ್ದನ್ನು ಕಂಡ ಲ್ಯಾಪ್‌ಟಾಪು ಬ್ಯಾಟರಿ ಉಳಿಸಲೆಂದು ತನ್ನ ವೇಗವನ್ನು ತಾನೇ ತಗ್ಗಿಸಿಕೊಂಡು ಗಡುವು ತಪ್ಪಿಸತೊಡಗುತ್ತದೆ. ಉಳಿತಾಯದ ಆ ಬುದ್ಧಿಯನ್ನು ಸೆಟ್ಟಿಂಗಿನಲ್ಲಿ ಮುಂಚೆಯೇ ಅಡಗಿಸಿದ್ದರೆ, ಸಮಸ್ಯೆ ಬ್ಯಾಟರಿ ಎಷ್ಟು ಹೊತ್ತು ಬಾಳುತ್ತದೆ ಎಂಬುದಷ್ಟಕ್ಕೆ ನಿಲ್ಲುತ್ತದೆ. ಡಿಐ ಬಾಕ್ಸ್ ಎಂಬ ಸಣ್ಣ ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆಯನ್ನು ನಡುವೆ ಇಟ್ಟರೆ ಸಾಮಾನ್ಯವಾಗಿ ಚಾರ್ಜರನ್ನೂ ಉಳಿಸಿಕೊಳ್ಳಬಹುದು. ಅದನ್ನು ತರಲು ಮರೆತವರೇ ಹೆಚ್ಚು.

ಅನುಭವಿಗಳು ಗಿಟಾರಿನಿಂದ ನೇರವಾಗಿ ಆಂಪಿಗೆ ಹೋಗುವ ಇನ್ನೊಂದು ವೈರನ್ನೂ, ದಾರಿ ಬದಲಿಸಲು ಒಂದು ಕಾಲ್ಗುಂಡಿಯನ್ನೂ ಇಟ್ಟುಕೊಂಡಿರುತ್ತಾರೆ. ಲ್ಯಾಪ್‌ಟಾಪು ಹಾಡಿನ ನಡುವೆ ಸ್ತಬ್ಧವಾದರೆ ಅದನ್ನು ತುಳಿದು, ಕೆಡಿಸದ ನಾದದಲ್ಲೇ ಹಾಡು ಮುಗಿಸುತ್ತಾರೆ. ಸಭೆಯಲ್ಲಿ ಬಹಳ ಮಂದಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಈ ಸಂಗತಿಯನ್ನು ಪ್ರೋಗ್ರಾಮರ್‌ಗೆ ಹೇಳುವ ಪದ್ಧತಿ ಇಲ್ಲ. ಎಲ್ಲವೂ ಒಮ್ಮೆ ಸರಿಯಾಗಿ ಕೆಡತೊಡಗಿದ ಮೇಲೆ ಮಾಡಬೇಕಾದದ್ದು ಇಷ್ಟೇ: ಆ ಲ್ಯಾಪ್‌ಟಾಪನ್ನು ಇಂಟರ್ನೆಟ್ಟಿಗೆ ಜೋಡಿಸಬಾರದು, ಅಪ್‌ಡೇಟ್ ಕೇಳಿದರೆ ಒಪ್ಪಬಾರದು, ಮನೆಯವರು ಅದರಲ್ಲಿ ಸಿನಿಮಾ ನೋಡದಂತೆ ಬೀರುವಿನಲ್ಲಿಟ್ಟು ಬೀಗ ಹಾಕಬೇಕು.