ಪುನರ್ವಸತಿ ಮಂಡಳಿಗೂ ಆರೋಗ್ಯ ವೃತ್ತಿಗಳ ಆಯೋಗಕ್ಕೂ ಒಂದು ಬಹಿರಂಗ ಪತ್ರ



ಚಿಕಿತ್ಸೆಗೆಂದು ಬಂದವಳನ್ನು ಮನಶ್ಶಾಸ್ತ್ರಜ್ಞನೇ ಮೈಗಾಗಿ ಬಳಸಿಕೊಂಡರೆ ಆಕೆ ನಿಮ್ಮಿಬ್ಬರಲ್ಲಿ ಯಾರ ಬಾಗಿಲು ತಟ್ಟಬೇಕು? ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ 1992ರ ಕಾಯ್ದೆಯಡಿ ಭಾರತೀಯ ಪುನರ್ವಸತಿ ಮಂಡಳಿ. ಉಳಿದ ಮನಶ್ಶಾಸ್ತ್ರಜ್ಞರಾದರೆ 2021ರ ಕಾಯ್ದೆಯಡಿ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗ. ಜಯನಗರದಲ್ಲೋ ಹುಬ್ಬಳ್ಳಿಯಲ್ಲೋ ಮೆಟ್ಟಿಲು ಹತ್ತಿ ಹೋಗುವ ಹೆಣ್ಣುಮಗಳಿಗೆ ಈ ಗಡಿ ಗೊತ್ತಿರುವುದಿಲ್ಲ. ಅವಳು ಓದಿಕೊಂಡದ್ದು ಬೋರ್ಡಿನ ಮೇಲಿದ್ದ ‘ಕೌನ್ಸೆಲಿಂಗ್’ ಎಂಬ ಒಂದೇ ಮಾತು.

ಇಂಥದ್ದು ಒಂದೇ ದಿನದಲ್ಲಿ ಆಗುವುದಿಲ್ಲ. ಮೊದಲು ಅವಳ ಸರದಿ ದಿನದ ಕೊನೆಗೆ ಹೋಗುತ್ತದೆ, ರಿಸೆಪ್ಷನ್‌ನ ಹುಡುಗಿ ಮನೆಗೆ ಹೊರಟ ಮೇಲೆ. ಮುಕ್ಕಾಲು ಗಂಟೆಯ ಮಾತುಕತೆ ಎರಡು ಗಂಟೆಗೆ ಬೆಳೆಯುತ್ತದೆ. ‘ನಿಮ್ಮ ಹತ್ತಿರ ಫೀಸು ಹೇಗೆ ತಗೊಳ್ಳಲಿ’ ಎನ್ನುತ್ತಾನೆ. ರಾತ್ರಿ ಹನ್ನೊಂದಕ್ಕೆ ವಾಟ್ಸ್ಆ್ಯಪ್‌ನಲ್ಲಿ ‘ಮಲಗಿದಿರಾ?’ ಬರುತ್ತದೆ. ಆಮೇಲೆ ತನ್ನ ಸಂಸಾರದ ದುಃಖವನ್ನು ಅವಳ ಮುಂದೆ ತೋಡಿಕೊಳ್ಳುತ್ತಾನೆ. ಮೈಮೇಲೆ ಕೈ ಬೀಳುವುದು ಇಷ್ಟೆಲ್ಲ ಆದಮೇಲೆ. ಶಿಸ್ತು ಕ್ರಮಕ್ಕೆ ಕೂರುವವರು ಕೊನೆಯ ಸಂಜೆಯನ್ನಷ್ಟೇ ಕೆದಕದೆ ಈ ಮೆಟ್ಟಿಲುಗಳನ್ನೂ ವಿಚಾರಿಸಬೇಕು.

ಸಿಕ್ಕಿಬಿದ್ದವರು ಹೇಳುವುದು ‘ಇಬ್ಬರೂ ವಯಸ್ಕರು, ಒಪ್ಪಿಯೇ ನಡೆದದ್ದು’ ಎಂದು. ಅಪ್ಪ ಹೊಡೆದದ್ದು, ಗಂಡ ಅನುಮಾನಪಟ್ಟದ್ದು, ಮಾತ್ರೆ ನುಂಗಿದ ಆ ರಾತ್ರಿ, ಎಲ್ಲವನ್ನೂ ಅವಳು ಅವನೆದುರು ಬಿಚ್ಚಿಟ್ಟಿದ್ದಾಳೆ. ಅದನ್ನೆಲ್ಲ ಅವನು ಬರೆದಿಟ್ಟ ಫೈಲು ಅವನದೇ ಬೀರುವಿನಲ್ಲಿದೆ. ನಾಳೆ ಅವಳು ದೂರು ಕೊಟ್ಟರೆ ‘ಕಾಯಿಲೆಯವಳ ಮಾತು’ ಎನ್ನುವುದಕ್ಕೆ ಅದೇ ಫೈಲು ಹೊರಬರುತ್ತದೆ. ಇಂಥ ಕಡೆ ಒಪ್ಪಿಗೆಯ ಮಾತೆತ್ತುವುದೇ ಅನ್ಯಾಯ.

ಕಾನೂನು ಇಲ್ಲವೆಂದಲ್ಲ. ನಂಬಿಕೆಯ ಸ್ಥಾನವನ್ನು ದುರುಪಯೋಗ ಮಾಡಿಕೊಂಡು ತನ್ನ ಸುಪರ್ದಿಯಲ್ಲಿರುವ ಹೆಣ್ಣನ್ನು ಪುಸಲಾಯಿಸಿ ಸಂಭೋಗಕ್ಕೆ ಎಳೆದವನಿಗೆ ಭಾರತೀಯ ನ್ಯಾಯ ಸಂಹಿತೆಯ 68ನೇ ಸೆಕ್ಷನ್ 5ರಿಂದ 10 ವರ್ಷ ಕಠಿಣ ಸಜೆ ಹೇಳುತ್ತದೆ. ವೃತ್ತಿಗೆ ಕಳಂಕ ತರುವಂತೆ ನಡೆದವರ ಹೆಸರನ್ನು ನೋಂದಣಿಯಿಂದ ತೆಗೆಯುವ ಅಧಿಕಾರ ಪುನರ್ವಸತಿ ಮಂಡಳಿಗೆ ಇದೆ. ಕೋರ್ಟಿನ ತೀರ್ಪಿಗೆ ಹತ್ತು ವರ್ಷ ಹಿಡಿದರೆ ಅಷ್ಟೂ ದಿನ ಅದೇ ಕೋಣೆಯಲ್ಲಿ ಬೇರೆ ಹೆಣ್ಣುಮಕ್ಕಳು ಕೂರುತ್ತಾರೆ. ಆದ್ದರಿಂದಲೇ ಮಂಡಳಿಯ ಕ್ರಮ ಬೇಗ ಆಗಬೇಕು, ಬಹಿರಂಗವಾಗಿ ಆಗಬೇಕು.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಕ್ರಮ ನೋಡಿ. ಅಲ್ಲಿ ಮನಶ್ಶಾಸ್ತ್ರಜ್ಞ ರೋಗಿಯೊಂದಿಗೆ, ಅಥವಾ ಚಿಕಿತ್ಸೆ ಮುಗಿದು ಎರಡು ವರ್ಷದೊಳಗೆ ಮಾಜಿ ರೋಗಿಯೊಂದಿಗೆ, ಲೈಂಗಿಕ ಸಂಪರ್ಕ ಮಾಡಿದ್ದು ವಿಚಾರಣೆಯಲ್ಲಿ ಸಾಬೀತಾದರೆ ಆದೇಶದಲ್ಲಿ ಲೈಸೆನ್ಸ್ ರದ್ದತಿ ಇರಲೇಬೇಕು. ಕ್ರಿಮಿನಲ್ ಮೊಕದ್ದಮೆಯಲ್ಲಿ ರೋಗಿಯ ಒಪ್ಪಿಗೆಯನ್ನು ಸಮರ್ಥನೆಯಾಗಿ ಹೇಳುವಂತಿಲ್ಲ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದು: ಹಿಂದಿನ ಚಿಕಿತ್ಸಕ ಹೀಗೆ ಮಾಡಿದ ಎಂದು ರೋಗಿ ಬಾಯಿಬಿಟ್ಟರೆ, ಹೊಸ ಚಿಕಿತ್ಸಕರು ಸರ್ಕಾರವೇ ಅಚ್ಚುಹಾಕಿಸಿದ ಕಿರುಹೊತ್ತಿಗೆಯೊಂದನ್ನು ಅವಳ ಕೈಗೆ ಕೊಡಲೇಬೇಕು, ಅದರಲ್ಲಿರುವುದನ್ನು ಕೂತು ವಿವರಿಸಲೇಬೇಕು. ಎಲ್ಲಿ ದೂರಬೇಕು, ನಿನ್ನ ಹಕ್ಕೇನು ಎಂಬುದೆಲ್ಲ ಅದರಲ್ಲಿದೆ.

ನಮ್ಮಲ್ಲಿ ಈ ಯೋಚನೆ ಹೊಸದೇನಲ್ಲ. ವೈದ್ಯರು ರೋಗಿಗಳೊಂದಿಗೆ ಕಾಯ್ದುಕೊಳ್ಳಬೇಕಾದ ಲೈಂಗಿಕ ಎಲ್ಲೆಗಳ ಬಗ್ಗೆ ಬೆಂಗಳೂರಿನ ಬ್ಯಾಂಗಲೋರ್ ಡಿಕ್ಲರೇಷನ್ ಗ್ರೂಪ್ ಮಾರ್ಗಸೂಚಿ ಬರೆದು ದಶಕ ದಾಟಿತು. ಅದನ್ನೇ ಮುಂದಿಟ್ಟುಕೊಂಡು ಮನಶ್ಶಾಸ್ತ್ರಜ್ಞರಿಗೂ ಆಪ್ತಸಮಾಲೋಚಕರಿಗೂ ಒಂದೇ ನಿಯಮ ಮಾಡಲು ಎರಡೂ ಸಂಸ್ಥೆಗಳಿಗೆ ಏನು ತೊಂದರೆ?

ನಾನು ಕೇಳುವುದು ಇಷ್ಟೇ. ಎರಡೂ ಸಂಸ್ಥೆಗಳ ದೂರಿಗೆ ಒಂದೇ ವಿಳಾಸ ಇರಲಿ, ಕನ್ನಡದಲ್ಲಿ ಬರೆದ ದೂರೂ ಅಲ್ಲಿ ನಡೆಯಲಿ. ಯಾರ ಹೆಸರು ತೆಗೆದಿರಿ, ಏಕೆ ತೆಗೆದಿರಿ ಎಂಬುದು ಫೋನು ಹಿಡಿದ ಯಾರಿಗಾದರೂ ಕಾಣಲಿ. ಇಲ್ಲದಿದ್ದರೆ ಅದೇ ಮನುಷ್ಯ ಪಕ್ಕದ ಬಡಾವಣೆಯಲ್ಲಿ ‘ಲೈಫ್ ಕೋಚ್’ ಎಂದು ಬೋರ್ಡು ಹಾಕಿಕೊಳ್ಳುತ್ತಾನೆ. ದೂರು ಕೊಟ್ಟವಳ ಹೆಸರು ಮಾತ್ರ ಎಲ್ಲೂ ಹೊರಬೀಳದಿರಲಿ. ಹಾಗೆಯೇ ಕ್ಯಾಲಿಫೋರ್ನಿಯಾದಲ್ಲಿರುವಂಥ ಕಿರುಹೊತ್ತಿಗೆಯೊಂದನ್ನು ಕನ್ನಡದಲ್ಲಿ ಅಚ್ಚುಹಾಕಿಸಿ, ಪ್ರತಿ ಕೌನ್ಸೆಲಿಂಗ್ ಕೋಣೆಯ ಹೊರಗಿನ ಬೆಂಚಿನ ಮೇಲೆ ಇಡಿಸಿ.