ಕಳಚಿಕೊಂಡ ಡಿಸ್ಕಿನ ತರುವಾಯ ಆಚರಿಸತಕ್ಕ ವಿಧಿಗಳು

ಮದುವೆಯ ವಿಡಿಯೋ ಸಂಕಲನವು ಎರಡು ಪಕ್ಷಗಳ ನಡುವಿನ ಸಂಬಂಧವನ್ನು ಅವಲಂಬಿಸಿದೆ. ಒಂದನೆಯ ಪಕ್ಷ ಪ್ರಾಜೆಕ್ಟ್ ಫೈಲ್, ಎರಡನೆಯ ಪಕ್ಷ ಹಾರ್ಡ್ ಡಿಸ್ಕ್. ವಧೂವರರ ಸಂಬಂಧವು ಅಗ್ನಿಸಾಕ್ಷಿಯಾಗಿ ನೆರವೇರುವುದರಿಂದ ಅದರ ಚರ್ಚೆ ಇಲ್ಲಿ ಅಗತ್ಯವಿಲ್ಲ. ಮೊದಲು ಹೇಳಿದ ಎರಡು ಪಕ್ಷಗಳ ಸಂಬಂಧಕ್ಕಾದರೋ ಅರ್ಧ ಮೀಟರ್ ಉದ್ದದ ಯುಎಸ್‌ಬಿ ಕೇಬಲ್ ಒಂದೇ ಆಧಾರ. ಅದು ಕಳಚಿಕೊಂಡಾಗ ಏನು ಮಾಡತಕ್ಕದ್ದು ಎಂಬುದು ಪ್ರಸ್ತುತ ಲೇಖನದ ವಿಷಯ.

ವಿಷಯಪ್ರವೇಶಕ್ಕೆ ಮುನ್ನ ಜನಸಾಮಾನ್ಯರಲ್ಲಿರುವ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ಎಡಿಟಿಂಗ್ ಸಾಫ್ಟ್‌ವೇರಿನೊಳಗೆ ಮದುವೆ ಇದೆಯೆಂದು ಅವರು ನಂಬುತ್ತಾರೆ. ಪ್ರೀಮಿಯರ್ ಪ್ರೊ ಬಳಸುವ ಪ್ರಾಜೆಕ್ಟ್ ಫೈಲ್ ಎಂಬುದು ಕುಗ್ಗಿಸಿಟ್ಟ ಒಂದು ಎಕ್ಸ್ಎಂಎಲ್ ಬರಹ. ಅದರಲ್ಲಿ ವಧುವಿಲ್ಲ, ವರನಿಲ್ಲ, ಊಟವೂ ಇಲ್ಲ. ಯಾವ ಕ್ಲಿಪ್ಪು ಯಾವ ಡಿಸ್ಕಿನ ಯಾವ ಫೋಲ್ಡರಿನಲ್ಲಿದೆ, ಅದನ್ನು ಎಲ್ಲಿಂದ ಎಲ್ಲಿಯವರೆಗೆ ತೋರಿಸಬೇಕು, ಅದರ ಮೇಲೆ ಗುಲಾಬಿ ದಳಗಳು ಎಷ್ಟು ಹೊತ್ತು ಉದುರಬೇಕು ಎಂಬ ಟಿಪ್ಪಣಿ ಮಾತ್ರ ಇದೆ. ಎರಡು ದಿನಗಳ ಸಮಾರಂಭ ಇಲ್ಲಿ ಕೆಲವು ಎಂಬಿಗಳ ವಿಳಾಸಪಟ್ಟಿಯಾಗಿ ಸಂಗ್ರಹಗೊಂಡಿರುತ್ತದೆ. ಇದನ್ನು ಅರಿತವರು ಪ್ರಾಜೆಕ್ಟ್ ಫೈಲನ್ನು ಮಾತ್ರ ಬೇರೆ ಕಂಪ್ಯೂಟರಿಗೆ ಕಾಪಿ ಮಾಡಿಕೊಂಡು "ಬ್ಯಾಕಪ್ ಇದೆ" ಎಂದು ನಿಶ್ಚಿಂತರಾಗುವುದಿಲ್ಲ. ಅರಿಯದವರು ನಿಶ್ಚಿಂತರಾಗಿದ್ದಾರೆ.

ಇನ್ನು ಡಿಸ್ಕು ಕಳಚುವ ಕಾರಣಗಳು. ನಮ್ಮ ದರ್ಶನಕಾರರು ದುಃಖವನ್ನು ಆಧ್ಯಾತ್ಮಿಕ, ಆಧಿಭೌತಿಕ, ಆಧಿದೈವಿಕ ಎಂದು ಮೂರು ಬಗೆಯಾಗಿ ವಿಂಗಡಿಸಿದ್ದಾರೆ. ಸ್ಟುಡಿಯೋಗಳಿಗೂ ಈ ವಿಂಗಡಣೆ ಸಾಲುತ್ತದೆ. ಡಿಸ್ಕಿನ ಸ್ವಂತ ಶರೀರದಿಂದ ಹುಟ್ಟುವುದು ಆಧ್ಯಾತ್ಮಿಕ: ಮೈಕ್ರೊ-ಬಿ ಎಂಬ ಅಗಲ ಮೂತಿಯ ಪಿನ್ನು ಕಾಲಕ್ರಮೇಣ ಸಡಿಲಗೊಂಡು, ಮೇಜಿನ ಮೇಲೆ ಕಾಫಿ ಲೋಟ ಇಟ್ಟ ಸದ್ದಿಗೂ ಸಂಬಂಧ ಕಡಿದುಕೊಳ್ಳುವುದು. ಅನ್ಯ ಜೀವಿಗಳಿಂದ ಬರುವುದು ಆಧಿಭೌತಿಕ: ಮಾಲೀಕರ ಸೋದರಳಿಯ ಮೊಬೈಲ್ ಚಾರ್ಜಿಗೆ ಜಾಗ ಹುಡುಕುತ್ತ ಎದುರಿಗಿದ್ದ ಕೇಬಲನ್ನು ಎಳೆಯುವುದು. ಮೂರನೆಯದು ಆಧಿದೈವಿಕ, ಅಂದರೆ ಕರೆಂಟ್ ಹೋಗುವುದು. ಎರಡೂವರೆ ಇಂಚಿನ ಡಿಸ್ಕು ಕಂಪ್ಯೂಟರಿನ ಯುಎಸ್‌ಬಿಯಿಂದಲೇ ವಿದ್ಯುತ್ ಪಡೆದು ಬದುಕುತ್ತದೆ. ಮೂರೂವರೆ ಇಂಚಿನ ಡಿಸ್ಕಿಗೆ ಪ್ರತ್ಯೇಕ ಅಡಾಪ್ಟರ್ ಬೇಕು. ಆ ಅಡಾಪ್ಟರನ್ನು ಯುಪಿಎಸ್‌ಗೆ ಸೇರಿಸುವುದು ಶಾಸ್ತ್ರೋಕ್ತ ಕ್ರಮ. ಆದರೆ ಯುಪಿಎಸ್‌ನ ಕೊನೆಯ ಸಾಕೆಟ್ಟಿನಲ್ಲಿ ದೇವರ ಫೋಟೋದ ಎಲ್‌ಇಡಿ ಸರ ಇರುವುದರಿಂದ ಈ ಕ್ರಮ ಬಳಕೆಗೆ ಬಂದಿಲ್ಲ.

ಡಿಸ್ಕು ಹೋದ ತಕ್ಷಣ ಪರದೆ ಕೆಂಪಾಗುತ್ತದೆ. ಪ್ರೀಮಿಯರ್ ಪ್ರೊದ ಕೆಂಪು ಫಲಕದಲ್ಲಿ ಮಾಧ್ಯಮ ಲಭ್ಯವಿಲ್ಲವೆಂಬ ಒಂದೇ ಸಂಗತಿಯನ್ನು ಇಂಗ್ಲಿಷ್, ಫ್ರೆಂಚ್, ಜರ್ಮನ್, ಜಪಾನಿ ಮುಂತಾದ ಹಲವು ಭಾಷೆಗಳಲ್ಲಿ ಬರೆಯಲಾಗಿದೆ. ಕನ್ನಡ ಅವುಗಳಲ್ಲಿಲ್ಲ. ಅದಕ್ಕಾಗಿ ಈವರೆಗೆ ಯಾವ ಹೋರಾಟವೂ ನಡೆದಿಲ್ಲ, ಏಕೆಂದರೆ ಈ ಫಲಕವನ್ನು ಕಂಡ ಕನ್ನಡಿಗ ಅದನ್ನು ಓದುವ ಸ್ಥಿತಿಯಲ್ಲಿರುವುದಿಲ್ಲ. ಡಾವಿಂಚಿ ರಿಸಾಲ್ವ್, ಫೈನಲ್ ಕಟ್ ಪ್ರೊ ಮುಂತಾದ ಪ್ರತಿಸ್ಪರ್ಧಿ ತಂತ್ರಾಂಶಗಳೂ ಇದಕ್ಕೆ ಕೆಂಪು ಬಣ್ಣವನ್ನೇ ಇರಿಸಿಕೊಂಡಿವೆ. ಬೆಲೆ, ವೇಗ, ಬಣ್ಣಗಾರಿಕೆ ಯಾವುದರಲ್ಲೂ ಒಪ್ಪದ ಕಂಪನಿಗಳು ಈ ಒಂದು ವಿಷಯದಲ್ಲಿ ಏಕಾಭಿಪ್ರಾಯ ತಳೆದಿರುವುದು ಗಮನಾರ್ಹ.

ಕೆಂಪಾದರೂ ಚಿತ್ರ ನಿಲ್ಲುವುದಿಲ್ಲ. ಹಿನ್ನೆಲೆ ಸಂಗೀತವು ಸಾಮಾನ್ಯವಾಗಿ ಸಿ ಡ್ರೈವಿನ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಇರುವುದರಿಂದ ನಾದಸ್ವರ ಯಥಾವತ್ತಾಗಿ ಮುಂದುವರಿಯುತ್ತದೆ. ಅಕ್ಷರಗಳು ಪ್ರಾಜೆಕ್ಟಿನಲ್ಲೇ ಉಳಿಯುವುದರಿಂದ ವಧೂವರರ ಹೆಸರುಗಳು ಬಂಗಾರದ ಬಣ್ಣದಲ್ಲಿ ಮೂಡಿ ಮರೆಯಾಗುತ್ತವೆ. ಎರಡು ಕೆಂಪು ಪರದೆಗಳ ನಡುವೆ ಹೃದಯಾಕಾರದ ಟ್ರಾನ್ಸಿಷನ್ ಕೂಡ ಲೋಪವಿಲ್ಲದೆ ನೆರವೇರುತ್ತದೆ. ಈ ಸ್ಥಿತಿಯಲ್ಲೇ ಎಕ್ಸ್‌ಪೋರ್ಟ್ ಮಾಡಿದರೆ ಕೆಂಪು ಪರದೆ ಪೂರ್ಣ ಎಚ್‌ಡಿ ಗುಣಮಟ್ಟದಲ್ಲಿ ಗ್ರಾಹಕರನ್ನು ತಲುಪುತ್ತದೆ. ಅವರಲ್ಲಿ ಕೆಲವರು ಅದನ್ನು ಕುಂಕುಮದ ಕ್ಲೋಸಪ್ ಎಂದು ಭಾವಿಸಿ ಕೊನೆಯವರೆಗೆ ನೋಡಿದ್ದಾರೆ.

ಕೇಬಲನ್ನು ಮರಳಿ ಚುಚ್ಚಿದರೆ ಎಲ್ಲವೂ ಸರಿಹೋಗಬೇಕೆಂದು ಸಾಮಾನ್ಯ ಬುದ್ಧಿ ಹೇಳುತ್ತದೆ. ವಿಂಡೋಸ್ ಸಾಮಾನ್ಯ ಬುದ್ಧಿಯನ್ನು ಅವಲಂಬಿಸಿ ರಚಿತವಾದುದಲ್ಲ. ಅದು ಪ್ರತಿಯೊಂದು ಡ್ರೈವಿಗೂ ಇಂಗ್ಲಿಷ್ ವರ್ಣಮಾಲೆಯ ಒಂದು ಅಕ್ಷರವನ್ನು ಕೊಡುತ್ತದೆ. ಇರುವುದು 26 ಅಕ್ಷರ. ಅವುಗಳಲ್ಲಿ ಎ ಮತ್ತು ಬಿ ಫ್ಲಾಪಿಗಳಿಗೆ ಮೀಸಲಾಗಿದ್ದವು. ಫ್ಲಾಪಿಗಳು ದಿವಂಗತವಾದ ಮೇಲೂ ಹಿರಿಯರ ಆ ಎರಡು ಕುರ್ಚಿಗಳಲ್ಲಿ ವಿಂಡೋಸ್ ತಾನಾಗಿ ಯಾರನ್ನೂ ಕೂರಿಸುವುದಿಲ್ಲ. ಮದುವೆಯ ಡಿಸ್ಕು ಇ ಎಂಬ ಅಕ್ಷರದಲ್ಲಿ ಇತ್ತೆನ್ನಿ. ಅದು ಕಳಚಿದ ಅವಧಿಯಲ್ಲಿ ಪಕ್ಕದ ಪ್ರಿಂಟಿಂಗ್ ಪ್ರೆಸ್ಸಿನವರು ಲಗ್ನಪತ್ರಿಕೆಯ ಡಿಸೈನಿರುವ ಪೆನ್ ಡ್ರೈವನ್ನು ತಂದು ಚುಚ್ಚುತ್ತಾರೆ. ಇ ಅದರ ಪಾಲಾಗುತ್ತದೆ. ಡಿಸ್ಕು ಮರಳಿದಾಗ ಅದಕ್ಕೆ ಎಫ್ ದೊರೆಯುತ್ತದೆ. ಒಳಗಿರುವ ಫೈಲುಗಳು ಒಂದು ಬೈಟ್ ಕೂಡ ಬದಲಾಗಿಲ್ಲ. ಪ್ರಾಜೆಕ್ಟ್ ಫೈಲ್ ಮಾತ್ರ ಇ ಮನೆಯ ಬಾಗಿಲು ತಟ್ಟಿ, ಒಳಗೆ ಲಗ್ನಪತ್ರಿಕೆಯಷ್ಟೇ ಇರುವುದನ್ನು ಕಂಡು, ಮದುವೆಯೇ ನಡೆದಿಲ್ಲವೆಂಬ ತೀರ್ಮಾನಕ್ಕೆ ಬರುತ್ತದೆ. ಲಭ್ಯ ಸಾಕ್ಷ್ಯಗಳ ಮೇಲೆ ಈ ತೀರ್ಮಾನ ನ್ಯಾಯಸಮ್ಮತವೇ.

ಮ್ಯಾಕ್ ಬಳಸುವ ಸ್ಟುಡಿಯೋಗಳಲ್ಲಿ ಅಕ್ಷರಗಳ ಸಮಸ್ಯೆ ಇಲ್ಲ. ಅಲ್ಲಿ ಡಿಸ್ಕು ತನ್ನ ಹೆಸರಿನಿಂದಲೇ ಗುರುತಾಗುತ್ತದೆ. ಅನುಚಿತವಾಗಿ ನಿರ್ಗಮಿಸಿದ ಡಿಸ್ಕಿನ ಹೆಸರು ಕೆಲವೊಮ್ಮೆ ಹಿಂದೆಯೇ ಉಳಿದುಬಿಡುತ್ತದೆ. ಆಗ ಮರಳಿ ಬಂದ ಅದೇ ಡಿಸ್ಕಿನ ಹೆಸರಿನ ಮುಂದೆ 1 ಎಂಬ ಅಂಕಿ ಸೇರುತ್ತದೆ. ಚಾಲುಕ್ಯ ವಂಶದ ಎರಡನೆಯ ಪುಲಕೇಶಿಯನ್ನು ನಾವು ಇಮ್ಮಡಿ ಎನ್ನುತ್ತೇವೆ. ಮ್ಯಾಕ್ ಎರಡನೆಯದನ್ನು 1 ಎನ್ನುತ್ತದೆ, ಅದೂ ಮೊದಲನೆಯದೇ ಎರಡನೆಯದಾಗಿ ಬಂದಾಗ. ವಂಶಾವಳಿಯ ಸಂಶೋಧಕರು ಈ ಯಂತ್ರದಿಂದ ದೂರವಿರುವುದು ಲೇಸು.

ಈಗ ಚಿಕಿತ್ಸೆ. ಪ್ರಾಜೆಕ್ಟನ್ನು ತೆರೆದಾಗ ಲಿಂಕ್ ಮೀಡಿಯಾ ಎಂಬ ಕಿಟಕಿ ಮೂಡಿ, ಕಾಣೆಯಾದ ಕ್ಲಿಪ್ಪುಗಳ ಪಟ್ಟಿಯನ್ನು ಅವುಗಳ ಕೊನೆಯ ವಿಳಾಸದೊಂದಿಗೆ ಪ್ರಕಟಿಸುತ್ತದೆ. ಕೆಳಗೆ ಗುಂಡಿಗಳಿವೆ. ಆಫ್‌ಲೈನ್ ಎಂಬುದನ್ನು ಒತ್ತಿದರೆ ಕಾಣೆಯಾದುದರ ಜಾಗವನ್ನು ಒಬ್ಬ ಪ್ರತಿನಿಧಿ ಕಾಯುತ್ತಾನೆ. ಆಫ್‌ಲೈನ್ ಆಲ್ ಎಂಬುದನ್ನು ರಾತ್ರಿ 2 ಗಂಟೆಯ ನಂತರ ಒತ್ತಲಾಗುತ್ತದೆ. ಪ್ರಾಜ್ಞರು ಒತ್ತುವುದು ಲೊಕೇಟ್ ಗುಂಡಿಯನ್ನು. ಒಂದು ಕ್ಲಿಪ್ಪನ್ನು ಕೈಹಿಡಿದು ತೋರಿಸಿದರೆ ಸಾಕು. ಉಳಿದವು ಅದರ ಅಕ್ಕಪಕ್ಕದ ಫೋಲ್ಡರುಗಳಲ್ಲಿದ್ದರೆ ತಾವಾಗಿ ಕೂಡಿಕೊಳ್ಳುತ್ತವೆ. ಅಂಥ ಏರ್ಪಾಡಿಗೆ ಚೌಕವೊಂದರಲ್ಲಿ ಟಿಕ್ ಗುರುತು ಇರುತ್ತದೆ.

ಅಕ್ಕಪಕ್ಕದಲ್ಲಿದ್ದರೆ ಎಂಬ ಷರತ್ತಿನಲ್ಲಿ ಬಹಳ ಸ್ಟುಡಿಯೋಗಳು ಮುಳುಗಿವೆ. ಒಂದು ಪ್ರಾತಿನಿಧಿಕ ಡಿಸ್ಕಿನಲ್ಲಿ 'ಮದುವೆ', 'ಮದುವೆ ಹೊಸದು', 'ಮದುವೆ ಫೈನಲ್', 'ಮದುವೆ ಫೈನಲ್ ಹೊಸದು', 'ಇದೇ ಫೈನಲ್' ಮತ್ತು 'ನ್ಯೂ ಫೋಲ್ಡರ್' ಎಂಬ ಫೋಲ್ಡರುಗಳು ಕಂಡುಬರುತ್ತವೆ. ಮದುವೆ ಇರುವುದು 'ನ್ಯೂ ಫೋಲ್ಡರ್'ನಲ್ಲಿ. 'ಇದೇ ಫೈನಲ್' ತೆರೆದರೆ ಮಾಲೀಕರ ಜಾತಿ ಪ್ರಮಾಣಪತ್ರದ ಸ್ಕ್ಯಾನ್ ಸಿಗುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ವಿಷಯ ಕ್ಯಾಮೆರಾಗಳ ನಾಮಕರಣ ಪದ್ಧತಿ. ಸೋನಿ ಕ್ಯಾಮೆರಾ ತನ್ನ ಮೊದಲ ಕ್ಲಿಪ್ಪನ್ನು ಸಿ0001 ಎಂದು ಕರೆಯುತ್ತದೆ. ಕಾರ್ಡು ಖಾಲಿಯಾಗಿ ಮತ್ತೆ ಕ್ಯಾಮೆರಾ ಸೇರಿದಾಗ ಮೊದಲ ಕ್ಲಿಪ್ಪು ಮತ್ತೆ ಸಿ0001 ಆಗುವುದು ಸರ್ವೇಸಾಮಾನ್ಯ. ಫೋಟೋ ಕ್ಯಾಮೆರಾಗಳು ಅನುಸರಿಸುವ ಡಿಸಿಎಫ್ ನಿಯಮದಲ್ಲೂ ಎಣಿಕೆ 0001ರಿಂದ 9999ರವರೆಗೆ ಮಾತ್ರ. ಆದಕಾರಣ ಒಂದು ತಾಲ್ಲೂಕು ಕೇಂದ್ರದ ಸ್ಟುಡಿಯೋದಲ್ಲಿ ಆ ಋತುವಿನ ಪ್ರತಿಯೊಂದು ಮದುವೆ, ಉಪನಯನ, ಸೀಮಂತ ಮತ್ತು ಗೃಹಪ್ರವೇಶವೂ ಸಿ0001 ಎಂಬ ಒಂದೇ ಹೆಸರಿನಿಂದ ಆರಂಭವಾಗುತ್ತದೆ. ಫೈಲಿನ ಹೆಸರು ಮತ್ತು ಎಕ್ಸ್‌ಟೆನ್ಷನ್ ಎಂಬ ಬಾಲ ಹೊಂದಿದರೆ ತಂತ್ರಾಂಶ ತೃಪ್ತವಾಗುತ್ತದೆ. ಮುಖಗಳನ್ನು ಹೋಲಿಸಿ ನೋಡುವುದು ಅದರ ಕರ್ತವ್ಯದಲ್ಲಿ ಸೇರಿಲ್ಲ.

ಪರಿಣಾಮವನ್ನು ಹಂತಹಂತವಾಗಿ ಪರಿಶೀಲಿಸೋಣ. ಟೈಮ್‌ಲೈನ್ ನಿಷ್ಠೆ ತೋರುವುದು ಸಮಯಕ್ಕೆ, ದೃಶ್ಯಕ್ಕಲ್ಲ. ಸಿ0001ರ ಹದಿನಾಲ್ಕನೆಯ ನಿಮಿಷದಲ್ಲಿ ಮಾಂಗಲ್ಯಧಾರಣೆ ಇದೆಯೆಂದು ಸಂಕಲನಕಾರ ಆ ತುಣುಕನ್ನು ಕತ್ತರಿಸಿ ಇಟ್ಟಿರುತ್ತಾನೆ. ಲೊಕೇಟ್ ಗುಂಡಿ ಬೇರೊಂದು ಫೋಲ್ಡರಿನ ಸಿ0001ನ್ನು ತಂದು ಕೂಡಿಸಿದರೆ ಅಲ್ಲಿಯ ಹದಿನಾಲ್ಕನೆಯ ನಿಮಿಷ ಬಂದು ಕೂರುತ್ತದೆ. ಅದು ಗೃಹಪ್ರವೇಶದ ಫೋಲ್ಡರಾಗಿದ್ದಲ್ಲಿ, ಗಟ್ಟಿಮೇಳ ಮೊಳಗುತ್ತಿದ್ದಂತೆ ಒಂದು ಹಸು ಹೊಸ ಮನೆಯ ಹೊಸ್ತಿಲು ದಾಟಿ ಬರುತ್ತದೆ. ಮೂಲ ತುಣುಕಿಗೆ ಸ್ಲೋ ಮೋಷನ್ ಅಳವಡಿಸಿದ್ದರೆ ಹಸುವೂ ನಿಧಾನವಾಗಿ ಬರುತ್ತದೆ. ಅಕ್ಷತೆಗೆಂದು ಸೇರಿಸಿದ್ದ ಹೊಳಪಿನ ಕಣಗಳು ಅದರ ಕೊಂಬಿನ ಸುತ್ತ ಮಿನುಗುತ್ತವೆ. ಬಾಲದ ಬೀಸಿಗೆ ಸರಿಯಾಗಿ ಪರದೆಯ ಮೇಲೆ 'ಸಪ್ತಪದಿ' ಎಂಬ ಶೀರ್ಷಿಕೆ ಮೂಡುತ್ತದೆ. ಇಂಥ ಒಂದು ವಿಡಿಯೋವನ್ನು ವೀಕ್ಷಿಸಿದ ಎರಡೂ ಕಡೆಯ ಬೀಗರು ಗೋದರ್ಶನವನ್ನು ಶುಭಸೂಚಕವೆಂದು ಸ್ವೀಕರಿಸಿ, ಒಂದೇ ಒಂದು ಆಕ್ಷೇಪವನ್ನು ದಾಖಲಿಸಿದರು: ವಧುವಿನ ಸೋದರಮಾವ ಸಾಕಷ್ಟು ಹೊತ್ತು ಕಾಣಿಸಿಲ್ಲ.

ಹುಡುಕಾಟ ನಡೆದಿರುವಾಗ ಗ್ರಾಹಕರ ಫೋನ್ ಬರುವುದು ನಿಶ್ಚಿತ. ಉತ್ತರವಾಗಿ "ರೆಂಡರ್ ಆಗ್ತಾ ಇದೆ" ಎನ್ನತಕ್ಕದ್ದು. ವೃತ್ತಿಪರಿಭಾಷೆಯಲ್ಲಿ ರೆಂಡರ್ ಎಂಬುದು ಡಿಸ್ಕು ಕಾಣೆಯಾಗಿರುವುದು, ಕೇಬಲು ತರಲು ಹುಡುಗ ಪೇಟೆಗೆ ಹೋಗಿರುವುದು, ಆ ಹುಡುಗ ಬೇರೆ ಕೆಲಸ ಹಿಡಿದಿರುವುದು, ಇವೆಲ್ಲವನ್ನೂ ಒಳಗೊಂಡ ವ್ಯಾಪಕ ಸ್ಥಿತಿ. ರೆಂಡರ್ ಬಹಳ ದೀರ್ಘವಾದಲ್ಲಿ ಅದೇ ದಂಪತಿಯ ಮಗುವಿನ ನಾಮಕರಣದ ಬುಕಿಂಗನ್ನೂ ಸ್ವೀಕರಿಸಿ, ಎರಡನ್ನೂ ಒಂದೇ ಪೆನ್ ಡ್ರೈವಿನಲ್ಲಿ ಒಪ್ಪಿಸುವ ಸಂಪ್ರದಾಯವಿದೆ.

ಮೂಲ ಕಾಣೆಯಾಗುವ ವ್ಯಾಧಿ ಡಿಜಿಟಲ್ ಯುಗದ ಕೊಡುಗೆಯೆಂದು ದೂರುವುದು ಸಲ್ಲದು. ರೀಲಿನ ಕಾಲದಲ್ಲಿ ಫಿಲಮ್ಮಿನ ಅಂಚಿನಲ್ಲಿ ಅಚ್ಚಾಗಿದ್ದ ಸಂಖ್ಯೆಗಳನ್ನು ಓದಿ ಓದಿ ಸಂಕಲಿತ ಪ್ರತಿಗೆ ಮೂಲ ನೆಗೆಟಿವನ್ನು ಹೊಂದಿಸುತ್ತಿದ್ದರು. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' 1934ರಲ್ಲಿ ತೆರೆಕಂಡಿತು. ವೈ. ವಿ. ರಾವ್ ನಿರ್ದೇಶಿಸಿದ ಆ ಚಿತ್ರ ಕೊಲ್ಹಾಪುರದಲ್ಲಿ ತಯಾರಾಯಿತು. ಅದರ ಪ್ರತಿ ಉಳಿದಿಲ್ಲ. ಇಲ್ಲವೆಂದು ಸಾರುವ ಕೆಂಪು ಫಲಕವನ್ನೂ ಎಲ್ಲಿಯೂ ಹಾಕಿಲ್ಲವಾದ್ದರಿಂದ ಅದು ಎಲ್ಲೋ ಭದ್ರವಾಗಿದೆಯೆಂಬ ನೆಮ್ಮದಿಯಲ್ಲಿ ನಾಡು ಇದೆ. ಈ ದೃಷ್ಟಿಯಿಂದ ಎಡಿಟಿಂಗ್ ಸಾಫ್ಟ್‌ವೇರು ನಮ್ಮ ಸಾಂಸ್ಕೃತಿಕ ವ್ಯವಸ್ಥೆಗಿಂತ ಹೆಚ್ಚು ಪ್ರಾಮಾಣಿಕ ಎನ್ನಬೇಕಾಗುತ್ತದೆ.

ಮುನ್ನೆಚ್ಚರಿಕೆಗಳು ಸರಳವಾಗಿವೆ, ಆದ್ದರಿಂದ ಪಾಲನೆಯಾಗುವುದಿಲ್ಲ. ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್ ವಿಭಾಗಕ್ಕೆ ಹೋಗಿ ಮದುವೆಯ ಡಿಸ್ಕಿಗೆ ಡಬ್ಲ್ಯು ಅಥವಾ ಝಡ್‌ನಂಥ ದೂರದ ಅಕ್ಷರವನ್ನು ಶಾಶ್ವತವಾಗಿ ಕೊಡಬಹುದು. ಯಾವ ಪೆನ್ ಡ್ರೈವೂ ಸುಲಭವಾಗಿ ಅಲ್ಲಿಯತನಕ ತಲುಪದು. ಕಾರ್ಡಿನಿಂದ ಇಳಿಸಿಕೊಂಡ ಕ್ಲಿಪ್ಪುಗಳಿಗೆ ಎಡಿಟಿಂಗ್ ಆರಂಭಿಸುವ ಮೊದಲೇ ತಾರೀಕು ಮತ್ತು ಮನೆತನದ ಹೆಸರು ಸೇರಿಸಬಹುದು. ಆರಂಭಿಸಿದ ಮೇಲೆ ಸೇರಿಸಿದರೆ ಅವೆಲ್ಲವೂ ಒಟ್ಟಿಗೆ ಕಾಣೆಯಾಗುತ್ತವೆ. ಎರಡನೆಯ ಡಿಸ್ಕಿನಲ್ಲಿ ಎಲ್ಲದರ ನಕಲು ಇಡಬಹುದು. ಆ ಎರಡನೆಯ ಡಿಸ್ಕು ಈಗ ಮಾಲೀಕರ ಮನೆಯ ಟಿವಿಯಲ್ಲಿದೆ.

ಗ್ರಾಹಕರ ಗಮನಕ್ಕೆ: ವಿಡಿಯೋ ಒಪ್ಪಿಸಿದ ಒಂದು ವರ್ಷದ ನಂತರ ಮೂಲ ಕ್ಲಿಪ್ಪುಗಳನ್ನು ಅಳಿಸಲಾಗುವುದು. ಬೇಕಾದವರು ಅದಕ್ಕೆ ಮೊದಲೇ ತಮ್ಮ ಸ್ವಂತ ಡಿಸ್ಕನ್ನು ತಂದು ನಕಲು ಮಾಡಿಸಿಕೊಳ್ಳತಕ್ಕದ್ದು. ಬರುವಾಗ ಕೇಬಲನ್ನೂ ತರತಕ್ಕದ್ದು. ಸ್ಟುಡಿಯೋದ ಕೇಬಲಿನಿಂದ ಮೊಬೈಲ್ ಚಾರ್ಜ್ ಆಗುತ್ತಿದೆ.